ಸಂಶೋಧನೆಗೆ ಹೊಣೆ ನಿಲ್ಲುವವರು ಯಾರು?

ಒಂದು ತರಕಾರಿಯ ಭವಿಷ್ಯ ನಿರ್ಧರಿಸಲು ಕೇಂದ್ರ ಸಚಿವರೊಬ್ಬರು ಊರೂರು ತಿರುಗಿದ್ದು ನಮ್ಮ ದೇಶದಲ್ಲಿ ಒಮ್ಮೆ ನಡೆದಿದೆ. 2010ರ ಜನವರಿ, ಫೆಬ್ರುವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಕೊಲ್ಕತ್ತ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್‌ಗಳಲ್ಲಿ ಸಭೆ ನಡೆಸಿ ಫೆಬ್ರುವರಿ 6ರಂದು ಬೆಂಗಳೂರಿಗೆ ಬಂದರು. ಹಿಂದಿನ ಅಕ್ಟೋಬರ್‌ನಲ್ಲಿ ಜಿಇಎಸಿ ಎಂಬ ಕೇಂದ್ರ ಸಮಿತಿ ಬಿಟಿ ಬದನೆಯನ್ನು ಹೊಲಕ್ಕೆ ಬಿಡಬಹುದು ಎಂದಿತ್ತು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನು ಸೇರಿಸಿ, ಕಾಯಿಕೊರಕ ಹುಳು ತಿಂದರೆ ಸಾಯುವಂತೆ ಮಾಡಿದ ಬದನೆ ಅದು. ಏಳು ಊರುಗಳ ಸಭೆಗಳಿಗೆ ಒಟ್ಟು ಎಂಟು ಸಾವಿರದಷ್ಟು ಜನ ಬಂದರು. ಹಸಿರು ಶಾಲಿನ ರೈತರು, ತಳಿ ವಿಜ್ಞಾನಿಗಳು, ವೈದ್ಯರು, ಬದನೆಯನ್ನು ಔಷಧಿಯಲ್ಲಿ ಬಳಸುವ ಪಂಡಿತರು, ಬೀಜ ಕಂಪನಿಯವರು ಎಲ್ಲರೂ ಇದ್ದರು. ಬೆಂಗಳೂರಿನ ಸಭೆಯಾದ ಮೂರನೆಯ ದಿನ, ಫೆಬ್ರುವರಿ 9ರಂದು, ಸಚಿವರು ಬಿಟಿ ಬದನೆಗೆ ತಡೆ ಹಾಕಿದರು. ಕಾರಣಗಳನ್ನು ವಿವರವಾಗಿ ಬರೆದು, ಬಂದ ಪತ್ರ ಮತ್ತು ಅಭಿಪ್ರಾಯಗಳನ್ನು ಜೊತೆಗಿಟ್ಟು ಪ್ರಕಟಿಸಿದರು.

ಆ ನಿರ್ಧಾರ ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಮಹಿಕೋ ಕಂಪನಿ ಈ ಬದನೆಯ ಕೆಲಸಕ್ಕೆ ಕೈ ಹಾಕಿದ್ದು 2000ದ ಸುಮಾರಿಗೆ. ಆಮೇಲೆ ಧಾರವಾಡ ಮತ್ತು ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯಗಳು ಕೂಡಿಕೊಂಡವು. ಜನರನ್ನು ಕೇಳಿದ್ದು ಹತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಹಣ ಖರ್ಚಾಗಿತ್ತು, ಬೀಜ ಸಿದ್ಧವಾಗಿತ್ತು, ಪರ ಮತ್ತು ವಿರೋಧದ ಪಾಳಯಗಳು ಗಟ್ಟಿಯಾಗಿದ್ದವು. ಜನರಿಗೆ ಉಳಿದದ್ದು ಬೇಕು ಅಥವಾ ಬೇಡ ಎನ್ನುವ ಎರಡೇ ಮಾತು. ಯಾವ ಹುಳುವಿನ ಕಾಟ ನಿಜಕ್ಕೂ ಹೆಚ್ಚು, ಯಾವ ತಳಿಗಳ ಮೇಲೆ ಕೆಲಸ ಮಾಡಬೇಕು, ಬೀಜದ ಒಡೆತನ ಯಾರದ್ದಾಗಿರಬೇಕು ಎಂದು ಕೇಳುವ ಹೊತ್ತು ಮುಗಿದುಹೋಗಿತ್ತು. ಒಡೆತನದ ಪ್ರಶ್ನೆ ಬೇರೊಂದು ಬಾಗಿಲಿನಿಂದ ಬಂತು. ಕರ್ನಾಟಕದ ನಾಟಿ ಬದನೆ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯ ಅನುಮತಿಯಿಲ್ಲದೆ ಬಳಸಿಕೊಂಡರೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು. ಮೊದಲ ದಿನ ಹೊಲದ ಬದುವಿನ ಮೇಲೆ ಕುಳಿತು ಆಡಬಹುದಾಗಿದ್ದ ಮಾತು ಕೊನೆಗೆ ಕೋರ್ಟಿನ ಕಾಗದವಾಯಿತು.

ಸಂಶೋಧನೆಯನ್ನು ಸಮಾಜಕ್ಕೆ ಹೊಣೆಯಾಗುವಂತೆ ನಡೆಸುವುದು ಹೇಗೆ ಎಂಬ ಪ್ರಶ್ನೆಯ ಬಗ್ಗೆ ಯುರೋಪಿನಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಒಂದು ದೊಡ್ಡ ಚರ್ಚಾಲೋಕವೇ ಬೆಳೆದಿದೆ. ಕನ್ನಡದಲ್ಲಿ ಅದನ್ನು ಹೊಣೆಯರಿತ ಸಂಶೋಧನೆ ಎನ್ನಬಹುದು. ಇಂಗ್ಲಿಷಿನವರು ಬಳಸುವ ‘ರೆಸ್ಪಾನ್ಸಿಬಲ್’ ಪದದ ಬೇರಿನಲ್ಲಿ ಉತ್ತರ ಕೊಡುವುದು ಎಂಬ ಅರ್ಥವಿದೆ. ನಮ್ಮ ‘ಹೊಣೆ’ ಸಾಲದ ವ್ಯವಹಾರದಲ್ಲಿ ಬಳಕೆಯಲ್ಲಿರುವ ಮಾತು. ಒಬ್ಬ ಸಾಲ ತೆಗೆಯುವಾಗ ಇನ್ನೊಬ್ಬ ಪಕ್ಕದಲ್ಲಿ ಹೊಣೆ ನಿಲ್ಲುತ್ತಾನೆ. ತೀರದಿದ್ದರೆ ತನ್ನ ಗಂಟಿನಿಂದ ಕೊಡುತ್ತೇನೆ ಎಂದು ಮೊದಲೇ ಒಪ್ಪಿಕೊಳ್ಳುತ್ತಾನೆ. ಕೆಟ್ಟ ಮೇಲೆ ಯಾರ ಮೇಲಾದರೂ ಹೊಣೆ ಹೊರಿಸುವುದು ಬೇರೆ, ಮೊದಲೇ ಹೊಣೆ ಹೊರುವುದು ಬೇರೆ. ವಿಜ್ಞಾನದ ಆಡಳಿತ ಇಷ್ಟು ವರ್ಷ ಹೊರಿಸುವುದರಲ್ಲೇ ಕಳೆದಿದೆ ಎಂಬುದು ನನ್ನ ತಕರಾರು. ಹೊರುವುದನ್ನು ಕಲಿಯುತ್ತದೆಯೇ ಎಂಬುದರ ಮೇಲೆ ಅದರ ಮುಂದಿನ ದಾರಿ ನಿಂತಿದೆ.

ಹೊರಿಸುವ ಚರಿತ್ರೆ ಉದ್ದವಾಗಿದೆ. ನಾಜಿ ವೈದ್ಯರ ಕ್ರೌರ್ಯದ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, 1964ರಲ್ಲಿ ಹೆಲ್ಸಿಂಕಿ ಘೋಷಣೆ. ಅಮೆರಿಕದ ಟಸ್ಕೀಗಿಯಲ್ಲಿ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ 40 ವರ್ಷ ನೋಡುತ್ತ ಕುಳಿತದ್ದು 1972ರಲ್ಲಿ ಬಯಲಾದ ಮೇಲೆ ಅಲ್ಲಿ ನೀತಿ ನಿಯಮಗಳು ಬಿಗಿಯಾದವು. ಒಂದೊಂದು ನಿಯಮದ ಹಿಂದೆಯೂ ಯಾರದೋ ಗೋರಿ ಇದೆ. 1975ರ ಅಸಿಲೊಮಾರ್ ಸಭೆ ಇದಕ್ಕೆ ಅಪವಾದವೆಂದು ಹೆಸರಾಗಿದೆ. ಡಿಎನ್‌ಎ ಕತ್ತರಿಸಿ ಜೋಡಿಸುವ ವಿದ್ಯೆ ಕೈಗೆ ಬಂದಾಗ ಅಪಾಯವಾಗುವ ಮೊದಲೇ ವಿಜ್ಞಾನಿಗಳು ಕೆಲಸ ನಿಲ್ಲಿಸಿ, ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಕುಳಿತು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಅದು ದೊಡ್ಡ ಮನಸ್ಸಿನ ಕೆಲಸವೇ. ಆದರೆ ಚರ್ಚೆ ಪ್ರಯೋಗಾಲಯದ ಸುರಕ್ಷತೆಯ ಸುತ್ತ ನಿಂತಿತು, ಮಾತಾಡಿದವರಲ್ಲಿ ಹೆಚ್ಚಿನವರು ವಿಜ್ಞಾನಿಗಳೇ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವ ಗಾದೆ ನಮ್ಮಲ್ಲಿದೆ. ಬ್ರಿಟನ್ನಿನ ಡೇವಿಡ್ ಕಾಲಿಂಗ್‌ರಿಡ್ಜ್ 1980ರಲ್ಲಿ ತಂತ್ರಜ್ಞಾನದ ಬಗ್ಗೆ ಹೇಳಿದ್ದರಲ್ಲಿ ಅರ್ಧ ಇದೇ. ಇನ್ನರ್ಧವನ್ನು ಗಾದೆ ಹೇಳುವುದಿಲ್ಲ: ಗಿಡವಾಗಿದ್ದಾಗ ಯಾವ ಕಡೆ ಬಗ್ಗಿಸಬೇಕೆಂದು ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಅದು ಮರವಾಗಿರುತ್ತದೆ. ಹೊಸ ತಂತ್ರದ ಕೆಡುಕು ಕಾಣುವುದು ಅದು ಎಲ್ಲೆಡೆ ಹಬ್ಬಿದ ಮೇಲೆ. ಹಬ್ಬಿದ ಮೇಲೆ ಬದಲಿಸುವುದು ದುಬಾರಿ.

ಇದಕ್ಕೆ ಆಧಾರ್‌ಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ. ಮೊದಲ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ. ಅದಕ್ಕೊಂದು ಕಾಯ್ದೆ ಬಂದದ್ದು 2016ರ ಮಾರ್ಚಿನಲ್ಲಿ. ಮರುತಿಂಗಳೇ ಸಂಖ್ಯೆ ಪಡೆದವರು ನೂರು ಕೋಟಿ ಮುಟ್ಟಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ 2012ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಖಾಸಗಿತನ ಮೂಲಭೂತ ಹಕ್ಕು ಎಂಬ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು 2017ರ ಆಗಸ್ಟ್‌ನಲ್ಲಿ ಬಂತು, ಆಧಾರ್ ಬಗೆಗಿನ ತೀರ್ಪು 2018ರ ಸೆಪ್ಟೆಂಬರ್‌ನಲ್ಲಿ. ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ ಅವಕಾಶವನ್ನು ಕೋರ್ಟು ಕಿತ್ತುಹಾಕಿತು. ಅಷ್ಟರಲ್ಲಿ ಪಡಿತರ, ಪಿಂಚಣಿ, ಸಿಮ್ ಕಾರ್ಡು ಎಲ್ಲಕ್ಕೂ ಬೆರಳಚ್ಚು ಬೆಸೆದುಹೋಗಿತ್ತು. ಪುಟ್ಟಸ್ವಾಮಿಯವರು ಎತ್ತಿದ ಪ್ರಶ್ನೆಯನ್ನು ಯೋಜನೆಯ ನಕ್ಷೆ ಬಿಡಿಸುವ ಮೇಜಿನ ಮೇಲೇ ಯಾರಾದರೂ ಎತ್ತಿದ್ದರೆ, ರಾಗಿ ಕಲ್ಲು ಬೀಸಿ ಬೆರಳು ಸವೆದ ಅಜ್ಜಿಯರ ಪಡಿತರದ ಕಥೆ ಬೇರೆಯಾಗುತ್ತಿತ್ತು ಎಂದು ನನ್ನ ನಂಬಿಕೆ.

ಹಾಗಾದರೆ ಗಿಡವಾಗಿದ್ದಾಗಲೇ ಬಗ್ಗಿಸುವುದು ಸಾಧ್ಯವೇ? ಬ್ರಿಟನ್ನಿನಲ್ಲಿ ಒಮ್ಮೆ ಪ್ರಯತ್ನ ನಡೆಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಭೂಮಿ ಬಿಸಿಯಾಗುತ್ತಿದೆ, ಜ್ವಾಲಾಮುಖಿ ಸಿಡಿದಾಗ ಮೇಲೇರುವ ಕಣಗಳು ಬಿಸಿಲನ್ನು ತಡೆದು ನೆಲವನ್ನು ತಂಪು ಮಾಡುತ್ತವೆ, ನಾವೇ ಅಂಥ ಕಣಗಳನ್ನು ಆಕಾಶಕ್ಕೆ ಎರಚಿದರೆ ಹೇಗೆ? ಸ್ಪೈಸ್ ಎಂಬ ಯೋಜನೆಯ ಹಿಂದಿದ್ದದ್ದು ಈ ಯೋಚನೆ. ಬ್ರಿಸ್ಟಲ್, ಕೇಂಬ್ರಿಜ್, ಆಕ್ಸ್‌ಫರ್ಡ್‌ಗಳ ವಿಜ್ಞಾನಿಗಳು 2011ರಲ್ಲಿ ನಾರ್ಫೋಕ್‌ನ ಹಳೆಯ ವಿಮಾನ ನಿಲ್ದಾಣವೊಂದರಿಂದ ಒಂದು ಕಿಲೋಮೀಟರ್ ಎತ್ತರಕ್ಕೆ ಬಲೂನು ಹಾರಿಸಿ, ಕೊಳವೆಯಲ್ಲಿ ನೀರು ಹಾಯಿಸಿ ನೋಡಬೇಕೆಂದಿದ್ದರು. ಬರೀ ನೀರು. ಯಾರಿಗೂ ಅಪಾಯವಿಲ್ಲ. ಸುರಕ್ಷತೆಯನ್ನಷ್ಟೇ ನೋಡುವ ಸಮಿತಿಯಾಗಿದ್ದರೆ ಒಂದು ಮಧ್ಯಾಹ್ನದಲ್ಲಿ ಸಹಿ ಹಾಕುತ್ತಿತ್ತು. ಆದರೆ ಹಣ ಕೊಟ್ಟ ಮಂಡಳಿ ನಡುವೆ ಒಂದು ತಡೆಗಟ್ಟೆ ಇಟ್ಟಿತ್ತು. ಬೇರೆಬೇರೆ ವಿದ್ಯೆಯವರ ಒಂದು ತಂಡ ಐದು ಪ್ರಶ್ನೆ ಕೇಳಿತು. ಅಪಾಯ ಅಳೆದಿದ್ದೀರಾ, ಕಾನೂನು ಪಾಲಿಸಿದ್ದೀರಾ ಎಂಬ ಮೊದಲ ಎರಡಕ್ಕೆ ವಿಜ್ಞಾನಿಗಳು ಸರಿಯಾಗಿ ಉತ್ತರಿಸಿದರು. ಉಳಿದ ಮೂರರಲ್ಲಿ ಸಿಕ್ಕಿಕೊಂಡರು. ಈ ಕೆಲಸದ ಉದ್ದೇಶವನ್ನು ಜನರಿಗೆ ಹೇಗೆ ತಿಳಿಸುತ್ತೀರಿ, ಮುಂದೆ ಇದು ಯಾವ ಬಳಕೆಗೆ ಹೋಗಬಹುದೆಂದು ಯೋಚಿಸಿದ್ದೀರಾ, ಜನ ಏನೆನ್ನುತ್ತಾರೆಂದು ಕೇಳಿದ್ದೀರಾ?

ಬಲೂನಿನ ಹಾರಾಟವನ್ನು ಮುಂದೂಡಲಾಯಿತು. ಈ ನಡುವೆ ತಂಡದ ಕೆಲವರು ಇಂಥದೇ ಉಪಕರಣಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ಬೆಳಕಿಗೆ ಬಂತು. 2012ರ ಮೇ ತಿಂಗಳಲ್ಲಿ ಯೋಜನೆಯ ಮುಖ್ಯಸ್ಥರೇ ಬಲೂನು ಹಾರಿಸುವುದನ್ನು ಕೈಬಿಟ್ಟರು, ಪ್ರಯೋಗಾಲಯದ ಕೆಲಸ ಮುಂದುವರಿಯಿತು. ಯಾರೂ ಸಾಯಲಿಲ್ಲ, ಯಾರೂ ಕೋರ್ಟಿಗೆ ಹೋಗಲಿಲ್ಲ. ವಿಜ್ಞಾನಿಗಳೇ ತಮ್ಮ ಕೆಲಸ ಎತ್ತ ಸಾಗುತ್ತಿದೆ ಎಂದು ನಿಂತು ನೋಡಿದರು. ಜ್ಯಾಕ್ ಸ್ಟಿಲ್ಗೋ, ರಿಚರ್ಡ್ ಓವೆನ್, ಫಿಲ್ ಮ್ಯಾಕ್‌ನಾಟನ್ 2013ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಈ ಅನುಭವದಿಂದ ಬೆಳೆದದ್ದು. ಮುಂದಾಲೋಚಿಸು, ನಿನ್ನನ್ನು ನೀನೇ ನೋಡಿಕೋ, ಇತರರನ್ನು ಒಳಗೆ ಕರೆ, ಕೇಳಿದ್ದಕ್ಕೆ ತಕ್ಕಂತೆ ಬದಲಾಗು ಎಂಬ ನಾಲ್ಕು ನಡೆಗಳನ್ನು ಅದು ಹೇಳುತ್ತದೆ. ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟ. ಮೊದಲ ಮೂರನ್ನು ಸಭೆ, ವರದಿ, ಕಾರ್ಯಾಗಾರಗಳಲ್ಲಿ ಮುಗಿಸಬಹುದು. ಬದಲಾಗಲು ಮಾತ್ರ ಏನನ್ನಾದರೂ ಬಿಟ್ಟುಕೊಡಲೇಬೇಕು.

ಸ್ಪೈಸ್‌ನ ಪಾಠವನ್ನು ಲೋಕ ಪೂರ್ತಿ ಕಲಿಯಲಿಲ್ಲ. ಹಾರ್ವರ್ಡ್‌ನವರು ಇದೇ ಬಗೆಯ ಬಲೂನನ್ನು 2021ರಲ್ಲಿ ಸ್ವೀಡನ್ನಿನ ಉತ್ತರ ತುದಿಯ ಕಿರುನಾದಿಂದ ಹಾರಿಸಲು ಹೊರಟರು. ಅಲ್ಲಿ ಹಿಮಸಾರಂಗ ಸಾಕಿ ಬದುಕುವ ಸಾಮಿ ಜನರನ್ನು ಮೊದಲು ಕೇಳಿರಲಿಲ್ಲ. ಅವರ ಮಂಡಳಿ ಬೇಡವೆಂದಿತು, ಹಾರಾಟ ನಿಂತಿತು, 2024ರಲ್ಲಿ ಯೋಜನೆಯನ್ನೇ ಮುಚ್ಚಿದರು. ಕೇಳುವುದು ಕೊನೆಗಾದರೆ ಜನರ ಕೈಯಲ್ಲಿ ಉಳಿಯುವುದು ‘ಬೇಡ’ ಎಂಬ ಒಂದೇ ಮಾತು. ಬೆಂಗಳೂರಿನಲ್ಲಿ ನಡೆದದ್ದೇ ಕಿರುನಾದಲ್ಲೂ ನಡೆಯಿತು.

ಯುರೋಪಿಯನ್ ಒಕ್ಕೂಟ ಈ ವಿಚಾರವನ್ನು ದೊಡ್ಡದಾಗಿಯೇ ಕೈಗೆತ್ತಿಕೊಂಡಿತ್ತು. 2014ರಲ್ಲಿ ರೋಮ್ ಘೋಷಣೆ ಹೊರಟಿತು. ಅದೇ ವರ್ಷ ಶುರುವಾದ ಹೊರೈಜನ್ 2020 ಯೋಜನೆಯಲ್ಲಿ ವಿಜ್ಞಾನ ಮತ್ತು ಸಮಾಜಕ್ಕೆಂದೇ ಒಂದು ವಿಭಾಗವಿತ್ತು. ಸುಮಾರು 7,700 ಕೋಟಿ ಯೂರೊಗಳ ಒಟ್ಟು ಮೊತ್ತದಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 46 ಕೋಟಿ, ನೂರಕ್ಕೆ ಒಂದೂ ಇಲ್ಲ. 2021ರಲ್ಲಿ ಬಂದ ಮುಂದಿನ ಯೋಜನೆಯಲ್ಲಿ ಆ ಪ್ರತ್ಯೇಕ ವಿಭಾಗವೇ ಇಲ್ಲ. ಇನ್ನು ಮೇಲೆ ಇದು ಎಲ್ಲ ಯೋಜನೆಗಳಲ್ಲೂ ಬೆರೆತಿರುತ್ತದೆ ಎಂಬುದು ಸಮಜಾಯಿಷಿ. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗುವುದಿಲ್ಲ ಎಂಬುದನ್ನು ನಮ್ಮ ಊರ ಕೆರೆಗಳ ಹೂಳು ನೋಡಿದವರಿಗೆ ಹೇಳಬೇಕಾಗಿಲ್ಲ.

ಇಂಥ ಸಂಸ್ಥೆಗಳು ಬಾಳುವುದೇ ಕಡಿಮೆ. ಹೊಸ ತಂತ್ರಗಳ ಒಳಿತು ಕೆಡುಕು ತೂಗಿ ಸಂಸದರಿಗೆ ಹೇಳಲು ಅಮೆರಿಕದಲ್ಲಿ 1972ರಲ್ಲಿ ಹುಟ್ಟಿದ ಕಚೇರಿಯನ್ನು 1995ರಲ್ಲಿ ಹಣ ಕೊಡದೆ ಮುಚ್ಚಿದರು. ಡೆನ್ಮಾರ್ಕ್‌ನ ತಂತ್ರಜ್ಞಾನ ಮಂಡಳಿ 1987ರಿಂದ ಸಾಮಾನ್ಯ ನಾಗರಿಕರನ್ನು ಕೂರಿಸಿ, ತಜ್ಞರನ್ನು ಅವರೆದುರು ನಿಲ್ಲಿಸಿ, ಅವರ ತೀರ್ಮಾನವನ್ನು ಸಂಸತ್ತಿಗೆ ಮುಟ್ಟಿಸುತ್ತಿತ್ತು. ಜಗತ್ತೆಲ್ಲ ಅದನ್ನು ನಕಲು ಮಾಡಿತು, ತವರಿನಲ್ಲಿ ಸರ್ಕಾರದ ಹಣ 2011ರ ಕೊನೆಗೆ ನಿಂತಿತು. ಅದೇ ಮಾದರಿಯ ರೈತರ ತೀರ್ಪುಕೂಟವೊಂದು 2000ದಲ್ಲಿ ನಮ್ಮ ಚಿತ್ರದುರ್ಗದಲ್ಲಿ ಸೇರಿತ್ತು ಎಂಬುದು ಎಷ್ಟು ಕನ್ನಡಿಗರಿಗೆ ನೆನಪಿದೆಯೋ. ಬಿಟಿ ಹತ್ತಿಗೆ ಅನುಮತಿ ಸಿಗುವುದಕ್ಕೆ ಎರಡು ವರ್ಷ ಮೊದಲು 14 ರೈತರು ಕುಳಿತು ಕಂಪನಿಯವರನ್ನೂ ವಿರೋಧಿಗಳನ್ನೂ ಪ್ರಶ್ನಿಸಿ ರಹಸ್ಯವಾಗಿ ಮತ ಹಾಕಿದರು. ಕುಲಾಂತರಿ ಬೀಜ ಬಿತ್ತುವುದಿಲ್ಲ ಎಂದವರು ಹೆಚ್ಚು, ಬಿತ್ತುತ್ತೇವೆ ಎಂದವರೂ ಇದ್ದರು. ರೈತರನ್ನು ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ಹೊಲದಲ್ಲಿ ಪರೀಕ್ಷಿಸಿ ಎಂದೂ ಅವರು ಕೇಳಿದರು. ಆ ತೀರ್ಪುಕೂಟಕ್ಕೆ ಎರಡು ವರ್ಷ ಮೊದಲು ಇದೇ ನಾಡಿನಲ್ಲಿ, ರಾಯಚೂರು ಜಿಲ್ಲೆಯಲ್ಲಿ, ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಪ್ರಯೋಗದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತ್ತು. ಬೆಂಕಿ ದೊಡ್ಡ ಸುದ್ದಿಯಾಯಿತು. ಚಿತ್ರದುರ್ಗದ ಮಾತು ಯಾವ ಕಡತಕ್ಕೂ ಹತ್ತಲಿಲ್ಲ. ಮಾತಿಗೆ ಬೆಲೆ ಸಿಗದ ಕಡೆ ಜನ ಬೆಂಕಿಯ ಕಡೆ ಹೊರಳಿದರೆ ಅವರನ್ನಷ್ಟೇ ಬೈಯುವುದು ನನಗೆ ಸಾಧ್ಯವಿಲ್ಲ.

ಒಪ್ಪಿಗೆ ಎಂಬ ಪದ ಎಷ್ಟು ಟೊಳ್ಳಾಗಬಲ್ಲದು ಎಂದು ತಿಳಿಯಲು ಖಮ್ಮಂ ಜಿಲ್ಲೆಗೆ ಹೋಗಬೇಕು. 2009ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಅಮೆರಿಕದ ಪಾತ್ ಎಂಬ ಸಂಸ್ಥೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆಗೂಡಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಕೊಡುವ ಅಧ್ಯಯನ ನಡೆಸಿತು. ಖಮ್ಮಂನಲ್ಲಿ ಅನೇಕರು ಆದಿವಾಸಿ ಮಕ್ಕಳು, ಆಶ್ರಮ ಶಾಲೆಗಳ ಹಾಸ್ಟೆಲ್ಲಿನವರು. ಏಳು ಹುಡುಗಿಯರು ತೀರಿಕೊಂಡ ಸುದ್ದಿಯ ನಡುವೆ 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಸಂಸದೀಯ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಬೇರೊಂದು ಲೆಕ್ಕವಿತ್ತು: ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದವರು ಹಾಸ್ಟೆಲ್ ವಾರ್ಡನ್‌ಗಳು. ಆ ಲಸಿಕೆ ಒಳ್ಳೆಯದು, ಲೋಕದ ಎಷ್ಟೋ ಹೆಣ್ಣುಮಕ್ಕಳನ್ನು ಉಳಿಸುತ್ತಿದೆ. ನನಗೆ ಸಂಕಟವಾಗುವುದೇ ಇಲ್ಲಿ. ಒಳ್ಳೆಯ ಮದ್ದನ್ನು ಕೆಟ್ಟ ರೀತಿಯಲ್ಲಿ ತಂದದ್ದರಿಂದ ಮೂಡಿದ ಅನುಮಾನಕ್ಕೆ ಬೆಲೆ ತೆತ್ತವರು, ಲಸಿಕೆ ಸಿಗದೆ ಬೆಳೆದು ದೊಡ್ಡವರಾದ ಹೆಣ್ಣುಮಕ್ಕಳು. ಹೊಣೆಗೇಡಿತನ ಜನರಿಗೆ ಮಾತ್ರವಲ್ಲ, ವಿಜ್ಞಾನಕ್ಕೂ ಹಾನಿ ಮಾಡುತ್ತದೆ.

ಬಿಟಿ ಬದನೆಯ ವಿಷಯದಲ್ಲೂ ಇದನ್ನು ಹೇಳಬೇಕು. ಜೈರಾಮ್ ರಮೇಶ್ ತಡೆ ಹಾಕುವಾಗ, ಸ್ವತಂತ್ರವಾದ ದೀರ್ಘಕಾಲದ ಪರೀಕ್ಷೆಗಳು ನಡೆದು ಜನರಲ್ಲೂ ವಿಜ್ಞಾನಿಗಳಲ್ಲೂ ಭರವಸೆ ಮೂಡುವ ತನಕ ಎಂದಿದ್ದರು. ಆ ಪರೀಕ್ಷೆಗಳನ್ನು ಯಾರು ನಡೆಸಬೇಕು, ಯಾವಾಗ, ಯಾರ ಹಣದಲ್ಲಿ ಎಂಬುದಕ್ಕೆ ವ್ಯವಸ್ಥೆಯೇ ಆಗಲಿಲ್ಲ. ಹೊಸ ನಿಯಂತ್ರಣ ಪ್ರಾಧಿಕಾರ ತರುವ ಮಸೂದೆ 2013ರಲ್ಲಿ ಲೋಕಸಭೆಗೆ ಬಂದು ಮರುವರ್ಷ ಸದನದೊಂದಿಗೇ ಮುಗಿಯಿತು. ಬಾಂಗ್ಲಾದೇಶ 2013ರ ಅಕ್ಟೋಬರ್‌ನಲ್ಲಿ ಅದೇ ಜೀನಿನ ಬದನೆಗೆ ಒಪ್ಪಿಗೆ ಕೊಟ್ಟು, 2014ರಲ್ಲಿ 20 ರೈತರ ಕೈಗೆ ಸಸಿ ಇಟ್ಟಿತು. ಅಲ್ಲಿ ಕೀಟನಾಶಕದ ಖರ್ಚು ಇಳಿದು ಇಳುವರಿ ಏರಿದ್ದನ್ನು ಹೊಲದ ಅಧ್ಯಯನಗಳು ತೋರಿಸಿವೆ. ವಿರೋಧಿಸಿದ ನಾವು ಆ ಅಧ್ಯಯನಗಳನ್ನು ಓದಬೇಕು, ಬೆಂಬಲಿಸಿದವರು ನಾಟಿ ತಳಿಗಳ ದೂರನ್ನು ಓದಬೇಕು. ಇಲ್ಲಿ ಎರಡೂ ಆಗಲಿಲ್ಲ. ಜನರ ಮಾತು ಕೇಳಿ ನಿರ್ಧಾರ ಮಾಡಿದ್ದು ಸರಿ. ಕೇಳಿದ ಮೇಲೆ ಕಡತವನ್ನು ಕಟ್ಟಿ ಅಟ್ಟದ ಮೇಲಿಟ್ಟದ್ದು ಆ ಎಂಟು ಸಾವಿರ ಜನರಿಗೆ ಮಾಡಿದ ಅನ್ಯಾಯ.

ಮುಂದಿನ ದಿನಗಳ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದರೆ ಎರಡು ಗುರುತು ಕಾಣುತ್ತವೆ. ಒಂದು, ವಿನಾಯಿತಿ. 2022ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ, ಹೊರಗಿನ ಜೀನು ಉಳಿಯದ ಜೀನು ತಿದ್ದುಪಡಿ ಸಸ್ಯಗಳನ್ನು 1989ರ ಕುಲಾಂತರಿ ನಿಯಮಗಳ ಮುಖ್ಯ ಭಾಗದಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು, ‘ಕಮಲಾ’ ಮತ್ತು ‘ಪೂಸಾ ಡಿಎಸ್‌ಟಿ ರೈಸ್ 1’, ಘೋಷಿಸಿತು. ತಂತ್ರ ಬೇರೆ, ಅಪಾಯ ಕಡಿಮೆ ಎಂಬ ವಾದದಲ್ಲಿ ಹುರುಳಿದೆ. ಸರ್ಕಾರಿ ಸಂಸ್ಥೆಗಳೇ ಈ ತಳಿ ಮಾಡಿದ್ದೂ ಸಮಾಧಾನದ ವಿಷಯ. ಆದರೆ ಸುರಕ್ಷತೆಯ ಬಾಗಿಲು ಸಡಿಲಿಸುವಾಗ ಉಳಿದ ಪ್ರಶ್ನೆಗಳೂ ಅದೇ ಬಾಗಿಲಿನಿಂದ ಹೊರಗೆ ಹೋದವು. ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಕೇವಲ ವೈಜ್ಞಾನಿಕ ಸಂಶೋಧನೆಗೆಂದು ಮಾಡಿದ್ದನ್ನು ಅದು ಮುಟ್ಟುವುದಿಲ್ಲ. ನಮ್ಮ 2023ರ ದತ್ತಾಂಶ ಕಾಯ್ದೆಯೂ ಷರತ್ತುಗಳೊಡನೆ ಸಂಶೋಧನೆಗೆ ರಿಯಾಯಿತಿ ಕೊಡುತ್ತದೆ. ಸಂಶೋಧಕರಿಗೆ ಉಸಿರಾಡಲು ಜಾಗ ಬೇಕು, ಒಪ್ಪುತ್ತೇನೆ. ಹಾಗಾದರೆ ಕಾಯ್ದೆ ಬಿಟ್ಟುಕೊಟ್ಟ ಆ ಜಾಗದಲ್ಲಿ ಗಿಡ ಎಳೆಯದಾಗಿದ್ದಾಗ ಪ್ರಶ್ನೆ ಕೇಳುವವರು ಯಾರು? ಭಾಷಿಣಿಯಂಥ ಸರ್ಕಾರಿ ಯೋಜನೆ ಇರಲಿ, ಖಾಸಗಿ ಕಂಪನಿಯೇ ಇರಲಿ, ಯಂತ್ರಕ್ಕೆ ಕನ್ನಡ ಕಲಿಸಲು ಕಲಬುರಗಿಯ ಮಾತನ್ನೂ ಕುಂದಾಪುರದ ಮಾತನ್ನೂ ಧ್ವನಿಮುದ್ರಿಸಿಕೊಳ್ಳುವಾಗ, ಆ ದನಿ ನಾಳೆ ಯಾವ ಕೆಲಸಕ್ಕೆ ಹೋಗುತ್ತದೆಂದು ದನಿ ಕೊಟ್ಟವರಿಗೆ ಹೇಳಬೇಕಾದದ್ದು ಯಾರ ಕರ್ತವ್ಯ?

ಎರಡನೆಯ ಗುರುತು ಹಣ. ಸಂಶೋಧನೆಗೆ ಹಣ ಹಂಚುವ ಕೇಂದ್ರದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಅಂದಾಜು, ಅದರ ದೊಡ್ಡ ಪಾಲು ಖಾಸಗಿಯವರಿಂದ ಬರಬೇಕು. 2025ರ ಜುಲೈಯಲ್ಲಿ ಸಂಪುಟ ಒಪ್ಪಿದ ಇನ್ನೊಂದು ಯೋಜನೆ 1 ಲಕ್ಷ ಕೋಟಿಯದು, ಖಾಸಗಿ ಸಂಶೋಧನೆಗೆ ಬಲ ಕೊಡಲೆಂದೇ ಬಂದದ್ದು. ಸಂಶೋಧನೆಗೆ ಹಣವಿಲ್ಲದ ದೇಶಕ್ಕೆ ಇದು ಸಂತೋಷದ ಸುದ್ದಿ. 1990ರಲ್ಲಿ ಅಮೆರಿಕದ ಮಾನವ ಜೀನೋಮ್ ಯೋಜನೆ ತನ್ನ ಹಣದ ನೂರಕ್ಕೆ ಮೂರರಿಂದ ಐದು ಪಾಲನ್ನು ಆ ಸಂಶೋಧನೆಯ ನೈತಿಕ, ಸಾಮಾಜಿಕ ಪರಿಣಾಮಗಳ ಅಧ್ಯಯನಕ್ಕೆ ತೆಗೆದಿಟ್ಟಿತ್ತು. ಈ ದೊಡ್ಡ ನಿಧಿಗಳಿಂದ ಅಷ್ಟೇ ಪಾಲು ತೆಗೆದಿಟ್ಟರೆ ಸಾವಿರಾರು ಕೋಟಿ ಆಗುತ್ತದೆ. ನಮ್ಮಲ್ಲಿ ಇರುವುದು ವಿಜ್ಞಾನಿಗಳ ಸಾಮಾಜಿಕ ಹೊಣೆಗಾರಿಕೆಯ 2022ರ ಮಾರ್ಗಸೂಚಿ: ವರ್ಷಕ್ಕೆ ಹತ್ತು ದಿನ ಸಮಾಜಕ್ಕೆ ಜ್ಞಾನ ಹಂಚಿ ಎನ್ನುತ್ತದೆ. ಶಾಲೆಗೆ ಹೋಗಿ ಪಾಠ ಹೇಳುವುದು ಒಳ್ಳೆಯದೇ. ಅದೇ ಹತ್ತು ದಿನಗಳಲ್ಲಿ ಎರಡು ದಿನ ಹಳ್ಳಿಯಲ್ಲಿ ಸುಮ್ಮನೆ ಕುಳಿತು, ಅಲ್ಲಿಯವರ ಪ್ರಶ್ನೆ ಬರೆದುಕೊಂಡು ಬಂದು, ಅದರಿಂದ ತನ್ನ ಯೋಜನೆಯಲ್ಲಿ ಬದಲಾದದ್ದೇನು ಎಂದು ಅನುದಾನದ ವರದಿಯಲ್ಲಿ ನಮೂದಿಸಬೇಕು ಎಂದಿದ್ದರೆ?

ನಾನು ಕೇಳುವುದು ದೊಡ್ಡ ವ್ಯವಸ್ಥೆಯನ್ನಲ್ಲ. ಅನುದಾನದ ಮೂರು ಹಂತಗಳಲ್ಲಿ ಸ್ಪೈಸ್‌ನಂಥ ತಡೆಗಟ್ಟೆ ಇರಲಿ. ಆ ಗಟ್ಟೆಯಲ್ಲಿ ಕುಳಿತವರಲ್ಲಿ ಪರಿಣಾಮ ಉಣ್ಣಬೇಕಾದವರೂ ಇರಲಿ, ಅವರ ದಿನಗೂಲಿ ನಷ್ಟವನ್ನು ಯೋಜನೆಯೇ ತುಂಬಲಿ. ಹೊಲಕ್ಕೋ ದೇಹಕ್ಕೋ ಇಳಿಯುವ ಪ್ರಯೋಗವಾದರೆ ಪರಿಹಾರದ ಹಣ ಮೊದಲೇ ಬ್ಯಾಂಕಿನಲ್ಲಿ ಕೂರಲಿ. ಹೊಣೆ ನಿಲ್ಲುವುದು ಎಂದರೆ ಅದೇ ತಾನೆ. ಮಾರುಕಟ್ಟೆಗೆ ಬಿಟ್ಟ ಮೇಲೂ ಐದೈದು ವರ್ಷಕ್ಕೊಮ್ಮೆ ಕಡತ ತೆರೆದು ನೋಡಲಿ, ತಡೆ ಹಾಕಿದ್ದನ್ನೂ ಹಾಗೆಯೇ ತೆರೆದು ನೋಡಲಿ. ಇದರಿಂದ ಸಂಶೋಧನೆ ನಿಧಾನವಾಗುತ್ತದೆ ಎನ್ನುವವರು ಬದನೆಯ ಕಡತ ಎಷ್ಟು ವರ್ಷದಿಂದ ನಿಂತಿದೆ ಎಂದು ಎಣಿಸಿ ನೋಡಬೇಕು.

ಸದ್ಯಕ್ಕೆ ಒಂದು ಬಾಗಿಲು ತೆರೆದಿದೆ. ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆಬೇರೆ ತೀರ್ಪು ಕೊಟ್ಟರು. ಕನ್ನಡಿಗರಾದ ಬಿ.ವಿ. ನಾಗರತ್ನ ಅನುಮತಿಯನ್ನು ರದ್ದು ಮಾಡಿದರು, ಸಂಜಯ್ ಕರೋಲ್ ಎತ್ತಿಹಿಡಿದರು. ಇಬ್ಬರೂ ಕೂಡಿ ಹೇಳಿದ್ದು, ರೈತರನ್ನೂ ತಜ್ಞರನ್ನೂ ರಾಜ್ಯಗಳನ್ನೂ ಕೇಳಿ ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿ ಮಾಡಿ ಎಂದು. ಆ ಕೇಳುವಿಕೆ ದೆಹಲಿಯ ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ಮುಗಿಯಬಾರದು. ಕರ್ನಾಟಕದಲ್ಲಿ ನಡೆಸುವುದಾದರೆ ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ, ಬಿತ್ತನೆ ಮುಗಿದು ಕೊಯ್ಲು ಶುರುವಾಗುವ ಮೊದಲಿನ ಬಿಡುವಿನಲ್ಲಿ ನಡೆಸಲಿ. 2000ದ ತೀರ್ಪುಕೂಟದಲ್ಲಿ ಕುಳಿತಿದ್ದ ರೈತರಲ್ಲಿ ಈಗ ಬದುಕಿರುವವರನ್ನು ಮೊದಲ ಸಾಲಿಗೆ ಕರೆಯಲಿ. ಕಾಲು ಶತಮಾನದಿಂದ ಅವರ ಮಾತು ಬಾಕಿ ಇದೆ.